ಬೇಸಿಗೆ ಸೂಟಿ ಮತ್ತು ಮಕ್ಕಳ ಶಿಬಿರ: ಒಂದು ಹಿನ್ನೋಟ



ಬೇಸಿಗೆ ಶಿಬಿರ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವ ಚಿತ್ರ ಯಾವುದು? ಬಣ್ಣದ ಟೋಪಿ ಹಾಕಿಕೊಂಡ ಮಕ್ಕಳು, ಚಿತ್ರಕಲೆ, ಕರಾಟೆ, ನೃತ್ಯ, ಕೊನೆಯ ದಿನ ವೇದಿಕೆಯ ಮೇಲೊಂದು ನಾಟಕ, ಅತಿಥಿಗಳ ಭಾಷಣ, ಪ್ರಮಾಣಪತ್ರ. ಊರು ದೊಡ್ಡದಾದಷ್ಟೂ ಶುಲ್ಕವೂ ದೊಡ್ಡದು. ಇದು ಪೇಟೆಯ ಅನುಕೂಲಸ್ಥರ ಮಕ್ಕಳಿಗಾಗಿ ಇತ್ತೀಚೆಗೆ ಹುಟ್ಟಿಕೊಂಡ ಏರ್ಪಾಡು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಚರಿತ್ರೆ ಹೇಳುವುದು ಬೇರೆ. ಇಂಥ ಶಿಬಿರಗಳು ಮೊದಲು ಹುಟ್ಟಿದ್ದು ಬಡವರ ಮಕ್ಕಳಿಗಾಗಿ.

ಈ ಕಥೆಯನ್ನು ಪೇಟೆಯಲ್ಲಿ ಕುಳಿತು ಹೇಳುವುದಕ್ಕಿಂತ ಒಂದು ಹಳ್ಳಿಯಲ್ಲಿ ನಿಂತು ಹೇಳುವುದು ಲೇಸು. ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯನ್ನು ತೆಗೆದುಕೊಳ್ಳೋಣ. ಬೆಟಗೇರಿ ಎಂಬ ಊರು ನಮ್ಮಲ್ಲಿ ಒಂದೇ ಅಲ್ಲ. ಗದಗಿನ ಜೋಡಿ ಊರು ಬೆಟಗೇರಿ ಇದೆ. ‘ಆನಂದಕಂದ’ ಕಾವ್ಯನಾಮದ ಬೆಟಗೇರಿ ಕೃಷ್ಣಶರ್ಮರ ಊರು ಗೋಕಾಕ ತಾಲೂಕಿನ ಬೆಟಗೇರಿ. ಹೆಸರಿನ ಹಿಂದೆ ಉಪ್ಪು ಸೇರಿದರೆ ಅದು ಧಾರವಾಡ ಸೀಮೆಯದು ಎಂದು ಗುರುತು. ಎರಿ ಭೂಮಿಯ ಸೀಮೆ. ಮುಂಗಾರಿಗೆ ಹೆಸರು, ಹತ್ತಿ. ಹಿಂಗಾರಿಗೆ ಜೋಳ, ಕಡಲೆ, ಗೋದಿ, ಕುಸುಬೆ. ಯುಗಾದಿಯ ಹೊತ್ತಿಗೆ ಸುಗ್ಗಿ ಮುಗಿದಿರುತ್ತದೆ. ಹೊಲ ಖಾಲಿ. ಆಗ ಶಾಲೆಗೆ ಸೂಟಿ ಬೀಳುತ್ತದೆ.

ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ. ಎಣಿಸಿ ನೋಡಿ, 48 ದಿನ. ಈ 48 ದಿನ ಐದಾರು ವರ್ಷದ ಒಂದು ಮಗು ಹಗಲೆಲ್ಲ ಎಲ್ಲಿರುತ್ತದೆ? ಅದರ ಮೇಲೆ ಕಣ್ಣಿಟ್ಟವರು ಯಾರು? ಪಾಠದ ಪ್ರಶ್ನೆ ಆಮೇಲೆ ಬರಲಿ. ಬೇಸಿಗೆ ಶಿಬಿರ ಹುಟ್ಟಿದ್ದೇ ಈ ಎರಡು ಪ್ರಶ್ನೆಗಳಿಂದ.

ಹಳೆಯ ಉತ್ತರ ನಿಮಗೆಲ್ಲ ಗೊತ್ತು: ಅಜ್ಜಿಯ ಮನೆ. ಅದರ ಬಗ್ಗೆ ನಮ್ಮಲ್ಲಿ ಸಾಕಷ್ಟು ಪ್ರಬಂಧಗಳಾಗಿವೆ. ಆದರೆ ಅಜ್ಜಿಯ ಮನೆಗೆ ಹೋಗಲು ಬಸ್ಸಿನ ಖರ್ಚು ಬೇಕು, ಅಲ್ಲಿ ಎರಡು ತಿಂಗಳು ಕೂಳು ಹಾಕುವ ಶಕ್ತಿ ಇರಬೇಕು, ಅಜ್ಜಿಯೂ ಕೂಲಿಗೆ ಹೋಗದವಳಾಗಿರಬೇಕು. ಇವು ಇಲ್ಲದ ಮನೆಗಳಲ್ಲಿ ಇನ್ನೊಂದು ಉತ್ತರವಿತ್ತು. ಅದರ ಬಗ್ಗೆ ಯಾರೂ ಪ್ರಬಂಧ ಬರೆಯಲಿಲ್ಲ. ಎಂಟು ಹತ್ತು ವರ್ಷದ ಅಕ್ಕ, ಅವಳ ಸೊಂಟದ ಮೇಲೆ ತಮ್ಮ.

ದೀರ್ಘ ಬೇಸಿಗೆ ರಜೆ ನಮ್ಮ ಹಳೆಯ ಪದ್ಧತಿಯೇನಲ್ಲ. ಗಾಂವಠಿ ಶಾಲೆಗಳಲ್ಲಿ ಅಮಾವಾಸ್ಯೆ, ಹುಣ್ಣಿಮೆ, ಹಬ್ಬಹರಿದಿನಗಳಿಗೆ ಬಿಡುವು ಸಿಗುತ್ತಿತ್ತು. 1823ರಲ್ಲಿ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದರಾಸು ಸರಕಾರಕ್ಕೆ ಒಂದು ವರದಿ ಕಳಿಸಿದ. ಕನ್ನಡ ನಾಡಿನ ಹಳೆಯ ಶಾಲೆಗಳ ಬಗ್ಗೆ ನಮಗೆ ಸಿಗುವ ಅತ್ಯಂತ ಸ್ವಾರಸ್ಯದ ದಾಖಲೆಗಳಲ್ಲಿ ಅದೂ ಒಂದು. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆ ಶುರುವಾಗುತ್ತಿದ್ದುದು ಮುಂಜಾನೆ ಆರು ಗಂಟೆಗೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ‘ಸರಸ್ವತಿ’ ಎಂದು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಓದಿದರೆ ನಗು ಬರುತ್ತದೆ. ಆದರೆ ಅದೇ ವರದಿಯ ಇನ್ನೊಂದು ಅಂಕಿಯನ್ನೂ ಗಮನಿಸಬೇಕು: ಆ 6,641ರಲ್ಲಿ ಹೆಣ್ಣುಮಕ್ಕಳು ಬರೇ 60. ಉಳಿದ ಹುಡುಗಿಯರು ಎಲ್ಲಿದ್ದರು ಎಂದು ಕ್ಯಾಂಪ್‌ಬೆಲ್‌ನನ್ನು ಯಾರೂ ಕೇಳಿರಲಿಲ್ಲ.

ಏಪ್ರಿಲ್-ಮೇ ತಿಂಗಳ ಉದ್ದನೆಯ ಸೂಟಿ ಮುಂದೆ ಬ್ರಿಟಿಷರ ಕಾಲದ ಶಾಲೆ, ಕಾಲೇಜು, ಕೋರ್ಟುಗಳ ಜೊತೆಗೆ ಬೇರೂರಿತು. ನಮ್ಮ ಒಕ್ಕಲುತನಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ. ಎರಿ ಹೊಲದಲ್ಲಿ ಹೆಚ್ಚು ಕೈಗಳು ಬೇಕಾಗುವುದು ಜನವರಿಯಿಂದ ಮಾರ್ಚಿನವರೆಗೆ. ಆಗ ಶಾಲೆ ನಡೆದಿರುತ್ತದೆ, ಹಾಜರಿ ಮಾತ್ರ ಇಳಿದಿರುತ್ತದೆ. ಹೊಲದಲ್ಲಿ ಕೆಲಸವಿಲ್ಲದಾಗ ಶಾಲೆಯ ಬಾಗಿಲು ಮುಚ್ಚಿರುತ್ತದೆ.

ಈಗ ಸ್ವಲ್ಪ ಹೊತ್ತು ದೂರದ ದೇಶಕ್ಕೆ ಹೋಗಿಬರೋಣ. 1876ರಲ್ಲಿ ಸ್ವಿಟ್ಜರ್‌ಲೆಂಡಿನ ಜೂರಿಚ್ ನಗರದ ಪಾದ್ರಿ ಹೆರ್ಮಾನ್ ವಾಲ್ಟರ್ ಬಿಯೋನ್, ಇಕ್ಕಟ್ಟಾದ ಮನೆಗಳಲ್ಲಿ ಸೊರಗಿಹೋಗಿದ್ದ 68 ಬಡ ಮಕ್ಕಳನ್ನು ಅಪೆನ್‌ಜೆಲ್ ಎಂಬ ಗುಡ್ಡದ ಸೀಮೆಗೆ ಕರೆದುಕೊಂಡು ಹೋದ. ಒಳ್ಳೆಯ ಗಾಳಿ, ಹಾಲು, ಓಡಾಟ, ಇಷ್ಟೇ ಕಾರ್ಯಕ್ರಮ. ಇದನ್ನು ನೋಡಿ ಯುರೋಪಿನ ಬೇರೆ ಬೇರೆ ನಗರಗಳು ‘ರಜಾ ವಸಾಹತು’ಗಳನ್ನು ತೆರೆದವು. ಮಕ್ಕಳನ್ನು ಊರ ಹೊರಗೆ ಒಯ್ಯಲು ಹಣವಿಲ್ಲದ ಕಡೆ ಇನ್ನೊಂದು ದಾರಿ ಹೊಳೆಯಿತು. ಲಂಡನ್ನಿನಲ್ಲಿ ಮೇರಿ ವಾರ್ಡ್ ಎಂಬ ಕಾದಂಬರಿಕಾರ್ತಿ 1902ರ ಬೇಸಿಗೆಯಲ್ಲಿ ತಮ್ಮ ಸೇವಾಕೇಂದ್ರದ ಬಾಗಿಲು ತೆಗೆದು, ರಜೆಯಲ್ಲಿ ಬೀದಿ ಸುತ್ತುತ್ತಿದ್ದ ಕೂಲಿಕಾರರ ಮಕ್ಕಳನ್ನು ಹಗಲು ಹೊತ್ತಿನಲ್ಲಿ ಅಲ್ಲಿ ಸೇರಿಸಿದರು. ಆಟ, ಹಾಡು, ಕೈಕೆಲಸ. ಸಂಜೆ ಮಕ್ಕಳು ತಮ್ಮ ಮನೆಗೆ. ಇಂದು ನಾವು ಹಗಲು ಶಿಬಿರ ಎನ್ನುವುದರ ರೂಪರೇಖೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

‘ಶಿಬಿರ’ ಎಂಬ ಮಾತು ಮಾತ್ರ ದಂಡಿನದು. ಸೈನ್ಯ ಬೀಡುಬಿಟ್ಟ ಜಾಗಕ್ಕೆ ಆ ಹೆಸರು. ಅದು ಮಕ್ಕಳ ಲೋಕಕ್ಕೆ ಬರುವುದರಲ್ಲಿ ಸ್ಕೌಟ್ ಚಳವಳಿಯ ಪಾತ್ರ ದೊಡ್ಡದು. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರೊಂದಿಗೆ ಡೇರೆ ಹೊಡೆದ. ನಮ್ಮ ಕಡೆ ಈ ಶಿಸ್ತಿಗೆ ಸ್ವದೇಶಿ ಅಂಗಿ ತೊಡಿಸಿದವರು ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು. 1923ರ ಡಿಸೆಂಬರಿನಲ್ಲಿ, ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹುಟ್ಟಿದ ಹಿಂದುಸ್ತಾನಿ ಸೇವಾದಳಕ್ಕೆ ಹುಬ್ಬಳ್ಳಿಯೇ ಕೇಂದ್ರ. ಕವಾಯತು, ಧ್ವಜವಂದನೆ, ಪ್ರಥಮ ಚಿಕಿತ್ಸೆ, ಊರ ಸ್ವಚ್ಛತೆ ಇವೆಲ್ಲ ಅದರ ಶಿಬಿರಗಳಲ್ಲಿ ಕಲಿಸುವ ವಿಷಯಗಳಾಗಿದ್ದವು. ಮಹಿಳಾ ವಿಭಾಗದ ಹೊಣೆ ಹೊತ್ತವರು ಉಮಾಬಾಯಿ ಕುಂದಾಪುರ. 1924ರ ಬೆಳಗಾವಿ ಅಧಿವೇಶನದಲ್ಲಿ ದುಡಿದ ಸ್ವಯಂಸೇವಕ, ಸೇವಕಿಯರ ಹಿಂದೆ ಇವರಿಬ್ಬರ ಶ್ರಮವಿತ್ತು. ನಿಮ್ಮಲ್ಲಿ ಎಷ್ಟೋ ಮಂದಿ ಶಾಲೆಯಲ್ಲಿ ಸೇವಾದಳದ ಬಿಳಿ ಟೋಪಿ ಹಾಕಿಕೊಂಡವರಿರಬಹುದು. ಅದರ ಬೇರು ಇಲ್ಲಿದೆ. ಆದರೆ ಇದು ತರುಣರ, ದೊಡ್ಡ ಹುಡುಗರ ಶಿಬಿರ. ಆರು ವರ್ಷದ ಮಗುವಿಗೆ ಕವಾಯತು ಹೇಳಿಕೊಟ್ಟು ಏನು ಮಾಡುವುದು?

ಎಳೆಯ ಮಕ್ಕಳ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ತಾರಾಬಾಯಿ ಮೋಡಕ್. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆಗೆ ಬಾಲಶಿಕ್ಷಣದ ಕೆಲಸ ಮಾಡಿದ ಇವರು 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಎಂಬ ಹಳ್ಳಿಗೆ ಬಂದರು. ಬಾಲವಾಡಿ ತೆರೆದರೆ ಬಡವರ ಕೇರಿಯ ಮಕ್ಕಳು ಬರಲಿಲ್ಲ. ತಾರಾಬಾಯಿ ಅವರ ಜೊತೆಗಾತಿ ಅನುತಾಯಿ ವಾಘ್. ಇಬ್ಬರೂ ಸೇರಿ ಕೇರಿಯ ಅಂಗಳಕ್ಕೇ ಹೋಗಿ ಕುಳಿತರು. ‘ಅಂಗನವಾಡಿ’ ಎಂಬ ಮಾತು ಹುಟ್ಟಿದ್ದು ಹೀಗೆ. ಮುಂದೆ ಕೋಸಬಾಡದ ಗುಡ್ಡದಲ್ಲಿ, ವಾರಲಿ ಆದಿವಾಸಿಗಳ ನಡುವೆ, ದನ ಕಾಯಲು ಹೋಗುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು. ದನವೂ ಮೇಯಲಿ, ಮಗುವೂ ಕಲಿಯಲಿ ಎಂಬ ಹಂಚಿಕೆ. ಮಗು ಏಕೆ ಬರುತ್ತಿಲ್ಲ ಎಂದು ಗದರಿಸುವ ಬದಲು ಮಗುವಿನ ಕೈಯಲ್ಲಿ ಯಾವ ಕೆಲಸವಿದೆ ಎಂದು ನೋಡಿದ ಬುದ್ಧಿ ಇದು. ನಾನು ವಿಜ್ಞಾನ ಓದಿದವನು. ಪ್ರಯೋಗ ಕೈಕೊಟ್ಟಾಗ ವಸ್ತುವಿನ ಮೇಲೆ ಸಿಟ್ಟಾಗಬಾರದು, ಸಲಕರಣೆ ಸರಿಪಡಿಸಬೇಕು ಎಂದು ನಮಗೆ ಕಲಿಸಿದ್ದರು. ಅದನ್ನು ಶಿಕ್ಷಣದಲ್ಲಿ ಇಷ್ಟು ಚೆನ್ನಾಗಿ ಮಾಡಿ ತೋರಿಸಿದವರು ಕಡಿಮೆ.

ಕನ್ನಡ ನಾಡಿನಲ್ಲಿ ಮಕ್ಕಳನ್ನು ಪಾಠದ ಹೊರಗೆ ಕಂಡವರಲ್ಲಿ ಶಿವರಾಮ ಕಾರಂತರನ್ನು ಮೊದಲು ನೆನೆಯಬೇಕು. ಪುತ್ತೂರಿನ ಬಾಲವನದಲ್ಲಿ 1930ರ ದಶಕದಲ್ಲೇ ಅವರು ಮಕ್ಕಳ ಆಟ, ಕುಣಿತ, ನಾಟಕಗಳ ಪ್ರಯೋಗ ನಡೆಸಿದರು. ‘ಬಾಲಪ್ರಪಂಚ’ ಎಂಬ ವಿಶ್ವಕೋಶ ಅದೇ ದಶಕದ ಫಲ. ಬೇಸಿಗೆಯ ಮಕ್ಕಳ ರಂಗಕ್ಕೆ ಒಂದು ದೊಡ್ಡ ರೂಪ ಬಂದದ್ದು ಬಿ. ವಿ. ಕಾರಂತರ ಕಾಲದಲ್ಲಿ. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ‘ಬೆನಕ’ದ ಮಕ್ಕಳ ನಾಟಕ ಕೇಂದ್ರ ಕಟ್ಟಿದರು. ರವೀಂದ್ರನಾಥ ಠಾಕೂರರ ಗಿಳಿಯ ಕಥೆಯನ್ನು ಆಧರಿಸಿದ ಬಿ. ವಿ. ಕಾರಂತರ ‘ಪಂಜರ ಶಾಲೆ’ ನಾಡಿನ ಎಷ್ಟೋ ಶಿಬಿರಗಳ ಕೊನೆಯ ದಿನದ ನಾಟಕವಾಯಿತು. 1989ರಲ್ಲಿ ಮೈಸೂರಿನಲ್ಲಿ ಕಾರಂತರ ನೇತೃತ್ವದಲ್ಲಿ ರಂಗಾಯಣ ಆರಂಭವಾಯಿತು. ಅದರ ಬೇಸಿಗೆ ಕಾರ್ಯಕ್ರಮದ ಹೆಸರಿನಲ್ಲಿ ಶಿಬಿರ ಎಂಬ ಪದವಿಲ್ಲ. ಅದು ‘ಚಿಣ್ಣರ ಮೇಳ’. ದಂಡಿನ ಮಾತಿನ ಬದಲು ಬಯಲಾಟದ ಮಾತು! ಧಾರವಾಡದ ರಂಗಾಯಣವೂ ಚಿಣ್ಣರ ಮೇಳ ನಡೆಸಿದೆ. ಅಲ್ಲಿ ಮಗು ತನ್ನ ದನಿಯನ್ನು ತಾನೇ ಮೊದಲ ಸಲ ಕೇಳಿಕೊಳ್ಳುವುದನ್ನು ನೋಡುವುದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಅದು ನಗರದ ಮೇಳ. ಉಪ್ಪಿನಬೆಟಗೇರಿಯ ಕೂಲಿಕಾರ ಹೆಣ್ಣುಮಗಳು ತನ್ನ ಆರು ವರ್ಷದ ಮಗನನ್ನು ದಿನಾ ಬಸ್ಸಿಗೆ ಹತ್ತಿಸಿ ಧಾರವಾಡಕ್ಕೆ ಕಳಿಸಲಾರಳು.

ಹಳ್ಳಿಯವರೆಗೆ ಬಂದದ್ದು ಸರಕಾರದ ಏರ್ಪಾಡುಗಳು, ಅವೂ ತುಂಡು ತುಂಡಾಗಿ. 2000ದ ದಶಕದ ಆರಂಭದಲ್ಲಿ ಶಾಲೆ ಬಿಟ್ಟ ಮಕ್ಕಳಿಗಾಗಿ ಬೇಸಿಗೆಯಲ್ಲಿ ಶಾಲೆಯಲ್ಲೇ ‘ಚಿಣ್ಣರ ಅಂಗಳ’ ನಡೆಯಿತು. ತಾರಾಬಾಯಿಯವರ ಅಂಗಳದ ಮಾತು ಇಲ್ಲಿ ಮತ್ತೆ ಕೇಳಿಸುತ್ತದೆ. ಹೊಟ್ಟೆಯ ವಿಷಯ ಬಂದದ್ದು ಕೋರ್ಟಿನ ಮೂಲಕ: ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2004ರ ಏಪ್ರಿಲ್ 20ರಂದು ಆದೇಶಿಸಿತು. 2023ರ ಬರದ ನಂತರ ಬಂದ 2024ರ ಬೇಸಿಗೆಯಲ್ಲಿ ನಮ್ಮ ರಾಜ್ಯದ ಬರಪೀಡಿತ ತಾಲೂಕುಗಳಲ್ಲಿ ಹೀಗೆ 41 ದಿನ ಬಿಸಿಯೂಟದ ಏರ್ಪಾಡಾಯಿತು. 48ರಲ್ಲಿ ಏಳು ರವಿವಾರ ಕಳೆಯಿರಿ, ಲೆಕ್ಕ ಸರಿಹೋಗುತ್ತದೆ. ಈ ನಡುವೆ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯತಿಯ ಗ್ರಂಥಾಲಯಗಳಿಗೆ ಮಕ್ಕಳು ಬರತೊಡಗಿದರು. 2023ರ ಮೇ ತಿಂಗಳಿನಲ್ಲಿ ಆ ಗ್ರಂಥಾಲಯಗಳಲ್ಲೇ ಮಕ್ಕಳ ಬೇಸಿಗೆ ಶಿಬಿರಗಳು ನಡೆದವು.

ತೀರ ಎಳೆಯ ಮಕ್ಕಳದು ಇನ್ನೊಂದು ಕಥೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಒಂದು ಒಳ್ಳೆಯ ನಿಯಮವಿತ್ತು: ಕೆಲಸದ ಜಾಗಕ್ಕೆ ಹೆಣ್ಣುಮಕ್ಕಳ ಜೊತೆಗೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಕೆಲಸಗಾರರಲ್ಲೇ ಒಬ್ಬಾಕೆಯನ್ನು ಆ ಮಕ್ಕಳನ್ನು ನೋಡಿಕೊಳ್ಳಲು ನೇಮಿಸಬೇಕು, ಅವಳಿಗೂ ಪೂರ್ಣ ಕೂಲಿ ಕೊಡಬೇಕು. ನಮ್ಮ ಕಡೆ ಈ ಕೆಲಸ ಜೋರಾಗುತ್ತಿದ್ದುದು ಹೊಲ ಖಾಲಿಯಿರುವ ಏಪ್ರಿಲ್-ಮೇ ತಿಂಗಳಲ್ಲೇ. ಕೆರೆಯ ಹೂಳು ತೆಗೆಯುವ ಜಾಗದಲ್ಲಿ ಸೀರೆಯ ಜೋಲಿಗಳನ್ನು ನಾನು ಕಂಡಿದ್ದೇನೆ. ನೋಡಿಕೊಳ್ಳಲೆಂದು ನೇಮಿಸಿದವಳನ್ನು ಕಂಡದ್ದು ಅಪರೂಪ. 2023ರಲ್ಲಿ ನಮ್ಮ ರಾಜ್ಯ ಗ್ರಾಮ ಪಂಚಾಯತಿಗಳಲ್ಲಿ 4,000 ‘ಕೂಸಿನ ಮನೆ’ಗಳ ಯೋಜನೆ ಘೋಷಿಸಿದ್ದು ಈ ಕೊರತೆ ಕಂಡೇ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆ ಎಂದರೆ, ಬೇಸಿಗೆಯಲ್ಲಿ ನೋಡುವವರಿಲ್ಲದ ಮಗು ಬರೇ ಬೇಸರಪಡುವುದಿಲ್ಲ, ನೀರಿನ ಕಡೆ ಹೋಗುತ್ತದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಒಣ ಸೀಮೆಯ ಹೊಲಗಳಲ್ಲಿ ಬಹಳಷ್ಟು ಕೃಷಿ ಹೊಂಡಗಳಾದವು. ರೈತರಿಗೆ ಅನುಕೂಲವಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀರು ಇಂಗದಿರಲೆಂದು ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಒದ್ದೆಯಾದ ಪ್ಲಾಸ್ಟಿಕ್ ಹಾಳೆಯ ಇಳಿಜಾರಿನಲ್ಲಿ ಘರ್ಷಣೆ ಬಹಳ ಕಡಿಮೆ. ಜಾರಿ ಬಿದ್ದ ಮಗು, ಈಜು ಬಂದರೂ, ಮೇಲೆ ಹತ್ತಲಾರದು. ಬೇಸಿಗೆಯಲ್ಲಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ನೀವು ಓದುವ ನಾಲ್ಕು ಸಾಲಿನ ಸುದ್ದಿಗಳ ಹಿಂದೆ ಎಷ್ಟೋ ಸಲ ಇದೇ ಭೌತಶಾಸ್ತ್ರವಿರುತ್ತದೆ.

ಹಲವು ವರ್ಷಗಳ ಹಿಂದೆ ಒಂದು ಊರಿನ ಶಿಬಿರವನ್ನು ಚಿತ್ರೀಕರಿಸಲು ನಾನು ಹೋಗಿದ್ದೆ. ಊರಿನ ಹೆಸರು ಬೇಡ. ಶಿಬಿರ ಚೆನ್ನಾಗಿಯೇ ನಡೆದಿತ್ತು. ಕ್ಯಾಮರಾ ಬಂದಿದೆ ಎಂದು ಚೆನ್ನಾಗಿ ಕುಣಿಯುವ ಮಕ್ಕಳನ್ನು ಮುಂದಿನ ಸಾಲಿಗೆ ತಂದರು. ಎಲ್ಲ ಕಡೆ ಹಾಗೇ ಮಾಡುತ್ತಾರೆ, ನಾವೂ ಬೇಡವೆನ್ನುವುದಿಲ್ಲ. ಕಂಪೌಂಡಿನ ಆಚೆ ಒಬ್ಬ ಹುಡುಗಿ ನಿಂತಿದ್ದಳು. ಸೊಂಟದ ಮೇಲೆ ತಮ್ಮ. ಅವಳನ್ನೇಕೆ ಒಳಗೆ ಕರೆಯಲಿಲ್ಲ ಎಂದು ಕೇಳಿದೆ. ‘ಅವಳು ಬರಬಹುದು ಸರ್, ಆದರೆ ಕೂಸಿಗೆ ವಯಸ್ಸಾಗಿಲ್ಲ. ಆರು ವರ್ಷದ ಮೇಲಿನವರಿಗೆ ಮಾತ್ರ’ ಎಂದರು. ನಿಯಮ ನಿಯಮವೇ. ನಾವು ಸಂಜೆ ವೈರು ಸುತ್ತುತ್ತಿದ್ದಾಗ ಅವಳು ಅದೇ ಗೋಡೆಯ ಪಕ್ಕ ಕುಳಿತು ತಮ್ಮನಿಗೆ ಹಾಡು ಹೇಳುತ್ತಿದ್ದಳು. ಶಿಬಿರದಲ್ಲಿ ಹತ್ತು ದಿನದಿಂದ ಕಲಿಸುತ್ತಿದ್ದ ಹಾಡು, ಒಂದು ಸಾಲೂ ತಪ್ಪಿಲ್ಲ. ಕ್ಯಾಮರಾ ಆಗಲೇ ಪೆಟ್ಟಿಗೆಯೊಳಗೆ ಹೋಗಿತ್ತು. ಮತ್ತೆ ಹೊರಗೆ ತೆಗೆಯಬಹುದಿತ್ತು. ನಾನು ತೆಗೆಸಲಿಲ್ಲ.

ಈಗ ಉಪ್ಪಿನಬೆಟಗೇರಿಗೆ ಮರಳೋಣ. ನೀವು ಆ ಊರಿನವರು ಎಂದಿಟ್ಟುಕೊಳ್ಳಿ. ಧಾರವಾಡದ ಕಾಲೇಜಿನಲ್ಲಿ ಓದುತ್ತಿದ್ದೀರಿ, ಪರೀಕ್ಷೆ ಮುಗಿದಿದೆ, ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಬೇರೆ ಊರಿನ ಗಟಾರ ಬಳಿದ ಅನುಭವವೂ ಇದೆ. ಐದಾರು ಜನ ಗೆಳೆಯ ಗೆಳತಿಯರು ಸೇರಿ ನಿಮ್ಮೂರಿನ ಚಿಕ್ಕ ಮಕ್ಕಳಿಗೆ ಹದಿನೈದು ದಿನದ ಹಗಲು ಶಿಬಿರ ನಡೆಸಬೇಕಾದರೆ ಏನು ಬೇಕು?

ಮೊದಲು ಹೊತ್ತು ನಿಶ್ಚಯಿಸಿ. ಮುಂಜಾನೆ ಏಳೂವರೆಗೆ ಶುರು, ಹನ್ನೆರಡಕ್ಕೆ ಮುಗಿತಾಯ. ನಮ್ಮ ಹಿರಿಯರ ಮುಂಜಾನೆ ಶಾಲೆಯ ಪದ್ಧತಿಗೆ ಬುಡವಿತ್ತು. ಚಿಕ್ಕ ಮಗುವಿನ ದೇಹದಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಸುತ್ತಲಿನ ಗಾಳಿ ಮೈಗಿಂತ ಬಿಸಿಯಾದರೆ ಮಗು ನಮಗಿಂತ ಬೇಗ ಕಾಯುತ್ತದೆ. ಇನ್ನೊಂದು ಕಾರಣ ಅಡ್ಡಮಳೆ. ಏಪ್ರಿಲ್-ಮೇ ತಿಂಗಳಲ್ಲಿ ಧಾರವಾಡ ಸೀಮೆಯಲ್ಲಿ ಗುಡುಗು ಸಿಡಿಲು ಬರುವುದು ಹೆಚ್ಚಾಗಿ ಮಧ್ಯಾಹ್ನದ ನಂತರ. ಬೇವಿನ ಮರದ ನೆರಳು ಮುಂಜಾನೆಗೆ ಸ್ವರ್ಗ. ಗುಡುಗು ಕೇಳಿದ ಮೇಲೆ ಅದರ ಕೆಳಗೆ ಒಂದು ಮಗುವೂ ನಿಲ್ಲಬಾರದು, ಎಲ್ಲರೂ ಕಟ್ಟಡದೊಳಗೆ. ಆದ್ದರಿಂದ ಮರದ ಜೊತೆಗೆ ಹತ್ತಿರದಲ್ಲೇ ಬೀಗ ತೆಗೆದಿಟ್ಟ ಒಂದು ಕೋಣೆ, ಒಂದು ಶೌಚಾಲಯ ಇರಲೇಬೇಕು. ಶಾಲೆಯ ಬೀಗದ ಕೈಗಾಗಿ ಮುಖ್ಯೋಪಾಧ್ಯಾಯರಿಗೆ, ಶಾಲಾಭಿವೃದ್ಧಿ ಸಮಿತಿಗೆ ಮಾರ್ಚಿನಲ್ಲೇ ಅರ್ಜಿ ಕೊಡಿ. ರಜೆ ಬಿದ್ದ ಮೇಲೆ ಕೀಲಿ ಯಾರ ಮನೆಯಲ್ಲಿದೆ ಎಂದು ಹುಡುಕುವುದರಲ್ಲೇ ಮೂರು ದಿನ ಹೋಗುತ್ತವೆ.

ನೀರು ಮಣ್ಣಿನ ಹರವಿಯಲ್ಲಿರಲಿ. ಹೊರಮೈಯಿಂದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಒಯ್ಯುತ್ತದೆ ಎಂದು ಮಕ್ಕಳಿಗೆ ಅದನ್ನೇ ತೋರಿಸಿ ಹೇಳಬಹುದು, ಒಂದು ಪಾಠವೂ ಆಯಿತು. ನೀರನ್ನು ಕಾಯಿಸಿ ಆರಿಸಿ ತುಂಬಿಸಿ. ಯಾರಿಗಾದರೂ ವಾಂತಿಭೇದಿಯಾದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಉಪ್ಪು ಹೆಚ್ಚಾಗಬಾರದು. ಹತ್ತು ಗಂಟೆಗೆ ಒಂದು ಹಿಡಿ ಹಚ್ಚಿದ ಅವಲಕ್ಕಿ, ಶೇಂಗಾ, ಬೆಲ್ಲ. ಇದು ಉಪಚಾರಕ್ಕಲ್ಲ. ಕೆಲವು ಮಕ್ಕಳು ತಾಯಿ ನಸುಕಿನಲ್ಲಿ ಕೆಲಸಕ್ಕೆ ಹೋದದ್ದರಿಂದ ಬರಿಹೊಟ್ಟೆಯಲ್ಲಿ ಬಂದಿರುತ್ತವೆ.

ಕಾರ್ಯಕ್ರಮಕ್ಕೆ ಪೇಟೆಯಿಂದ ತಜ್ಞರನ್ನು ಕರೆಸಬೇಡಿ. ಲಗೋರಿ, ಚಿಣಿಪಣಿ, ಗಜ್ಜಗ, ಬುಗುರಿ ಆಡಿಸುವವರು ಊರಲ್ಲಿದ್ದಾರೆ. ಚಿಣಿ ಎಗರಿ ಕಣ್ಣಿಗೆ ಬೀಳುವುದುಂಟು, ಚಿಕ್ಕವರನ್ನು ದೂರ ಕೂಡಿಸಿ. ಎರಿಮಣ್ಣು ನಾದಿ ಎತ್ತು, ಬಂಡಿ ಮಾಡುವುದಕ್ಕೆ ಮಣ್ಣೆತ್ತಿನ ಅಮಾವಾಸ್ಯೆಯವರೆಗೆ ಕಾಯಬೇಕಿಲ್ಲ. ಬೀಸುವ ಕಲ್ಲಿನ ಪದ ಬಲ್ಲ ಒಬ್ಬ ಅಜ್ಜಿ ಸಿಕ್ಕರೆ ಒಂದು ವಾರ ಸಾಗಿತು. ಕೊನೆಯ ದಿನದ ಸಮಾರಂಭಕ್ಕೆ ಪೆಂಡಾಲು, ಶಾಲು, ಹಾರ ಎಂದು ಖರ್ಚು ಮಾಡುವ ಬದಲು ಆ ಹಣದಲ್ಲಿ ಇನ್ನೆರಡು ದಿನ ಅವಲಕ್ಕಿ ಕೊಡಬಹುದು.

ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಅದಕ್ಕಿಂತ ಕಡಿಮೆ ಬೇಡ. ಬಂದಾಗ ಒಮ್ಮೆ, ತಿಂಡಿಯ ಹೊತ್ತಿಗೆ ಒಮ್ಮೆ, ಹೊರಡುವಾಗ ಒಮ್ಮೆ ತಲೆ ಎಣಿಸಿ. ಲೆಕ್ಕ ತಪ್ಪಿದರೆ ಆಟ ನಿಲ್ಲಿಸಿ ಮೊದಲು ನೀರಿರುವ ಕಡೆ ಓಡಿ. ಕೂಸುಗಳಿಗೆಂದು ಕೋಣೆಯ ಒಂದು ಮೂಲೆಯಲ್ಲಿ ಕೌದಿ ಹಾಸಿ, ತೊಲೆಗೆ ಒಂದು ಜೋಲಿ ಕಟ್ಟಿ, ಅಂಗನವಾಡಿಯ ಆಯಾ ಅಥವಾ ಊರಿನ ಒಬ್ಬ ಹಿರಿಯಾಕೆಯನ್ನು ಕೇಳಿಕೊಂಡು ಅಲ್ಲಿ ಕೂಡಿಸಿ. ಆಕೆಗೆ ಗೌರವಧನ ಕೊಡುವುದನ್ನು ಮರೆಯಬೇಡಿ. ಇಡೀ ಶಿಬಿರದ ಖರ್ಚಿನಲ್ಲಿ ಇದೇ ದೊಡ್ಡದಾಗಬಹುದು, ಆಗಲಿ.

ಮೊದಲ ದಿನ ಹಾಜರಿ ಪುಸ್ತಕಕ್ಕೆ ಗೆರೆ ಹಾಕುವಾಗ ಹೆಸರು, ವಯಸ್ಸು, ತರಗತಿ, ಮನೆಯವರ ಹೆಸರು ಎಂದು ನಾಲ್ಕು ಅಂಕಣ ಬರೆಯುತ್ತೀರಿ. ಅವುಗಳ ಪಕ್ಕ ಇನ್ನೊಂದು ಅಂಕಣ ಎಳೆಯಿರಿ: ‘ಜೊತೆಗೆ ಕರೆತಂದ ಕೂಸು’.